ಭಾವನ ಅಚ್ಚಿಗೆ ನಾನು ಮಾಡಿದ ಸುಧಾರಣೆ

ಕೆಟ್ಟುಹೋದ ವಸ್ತುವನ್ನು ರಿಪೇರಿ ಮಾಡಲು ಹೋಗಿ ಪೂರ್ತಿ ಹಾಳುಮಾಡುವವರನ್ನು ಲೋಕ ಹೇಗೋ ಕ್ಷಮಿಸುತ್ತದೆ. ಅದು ಹೇಗೂ ಕೆಟ್ಟಿತ್ತಲ್ಲ, ಪಾಪ, ಕೈಯಾದರೂ ಹಾಕಿದನಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತದೆ. ಆದರೆ ಚೆನ್ನಾಗಿಯೇ ಇರುವ ವಸ್ತುವನ್ನು ಇನ್ನಷ್ಟು ಚೆನ್ನಾಗಿ ಮಾಡಲು ಹೋಗಿ ಹಾಳುಮಾಡುವವನಿಗೆ ಮಾತ್ರ ಎಲ್ಲೂ ಕ್ಷಮೆಯಿಲ್ಲ. ನಾನು ಈ ಎರಡನೆಯ ಗುಂಪಿನವನು. ಕುಕ್ಕರಿನ ಸೀಟಿ ಗಟ್ಟಿಯಾಗಿ ಕೇಳುವುದಿಲ್ಲವೆಂದು ಅದರ ತೂತನ್ನು ನಾನು ಸ್ವಲ್ಪವೇ ಸ್ವಲ್ಪ ದೊಡ್ಡದು ಮಾಡಿದ ಮೇಲೆ ನಮ್ಮ ಮನೆಯಲ್ಲಿ ಅನ್ನ ಬೇಯುವುದನ್ನೇ ನಿಲ್ಲಿಸಿತು. ಬಾತ್‌ರೂಮಿನ ಬಾಗಿಲು ಸದ್ದು ಮಾಡುತ್ತದೆಂದು ಅದರ ಅಂಚನ್ನು ಹೆರೆದದ್ದೂ ನಾನೇ. ಈಗ ಅದು ಸದ್ದು ಮಾಡುವುದಿಲ್ಲ, ಮುಚ್ಚುವುದೂ ಇಲ್ಲ. ಒಳಗಿರುವವರು ಹಾಡುತ್ತಿರಬೇಕು.

ಈ ರೋಗಕ್ಕೆ ನನ್ನ ಉದ್ಯೋಗವೂ ಕಾರಣವಿರಬಹುದು. ಕುವೈತಿನ ಒಂದು ಗುತ್ತಿಗೆ ಕಂಪನಿಯಲ್ಲಿ ಗುಣಮಟ್ಟ ವಿಭಾಗದ ಮೇಜಿನ ಮುಂದೆ ನಾನು ಕುಳಿತಿದ್ದೇನೆ. ಬೇರೆಯವರು ಬಿಸಿಲಲ್ಲಿ ಬೆವರು ಸುರಿಸಿ ಪೈಪು ಬೆಸೆಯುತ್ತಾರೆ, ನಾನು ಎ.ಸಿ.ಯಲ್ಲಿ ಕುಳಿತು ಅದರ ವರದಿಯಲ್ಲಿ ತಪ್ಪು ಹುಡುಕುತ್ತೇನೆ. ನನ್ನ ಮೇಜಿನ ಮೇಲೆ ಮೂರು ರಬ್ಬರ್ ಮುದ್ರೆಗಳಿವೆ. ಒಂದು ‘ತಿರಸ್ಕರಿಸಿ’, ಇನ್ನೊಂದು ‘ಸರಿಪಡಿಸಿ’, ಮತ್ತೊಂದು ‘ಇದ್ದ ಹಾಗೇ ಬಳಸಿ’ ಎನ್ನುವ ಅರ್ಥದವು. ಮೊದಲೆರಡರ ಹಿಡಿಗಳು ನನ್ನ ಬೆರಳು ತಾಗಿ ತಾಗಿ ಮಿನುಗುತ್ತವೆ. ಮೂರನೆಯದರ ರಬ್ಬರಿಗೆ ಇನ್ನೂ ಮಸಿಯೇ ತಾಗಿಲ್ಲ. ಈ ಸಂಗತಿಯನ್ನು ನಾನು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ.

ಈಗ ನನ್ನ ಭಾವನ ವಿಷಯಕ್ಕೆ ಬರುತ್ತೇನೆ. ಭಾವ ಎಂದರೆ ನನ್ನ ಹೆಂಡತಿ ಜೆಸಿಂತಾಳ ಅಣ್ಣ, ವಾಲ್ಟರ್. ಮೈದಾನ್ ಹವಲ್ಲಿಯ ಒಂದು ಹಳೇ ಫ್ಲಾಟಿನಲ್ಲಿ ಅರ್ಧ ಆಯುಷ್ಯ ಕಳೆದ ಮನುಷ್ಯ. ನನಗೆ ಕುವೈತಿನ ವೀಸಾ ಮಾಡಿಸಿಕೊಟ್ಟವರೂ ಅವರೇ, ತಂಗಿಯನ್ನು ಕೊಟ್ಟವರೂ ಅವರೇ. ಎರಡರ ಬಗ್ಗೆಯೂ ಅವರಿಗೆ ಒಳಗೊಳಗೇ ಪಶ್ಚಾತ್ತಾಪವಿದೆಯೆಂದು ನನ್ನ ಗುಮಾನಿ. ಬಾಯಿಬಿಟ್ಟು ಹೇಳುವವರಲ್ಲ. ಬೈಯುವುದೂ ಇಲ್ಲ, ಹೊಗಳುವುದೂ ಇಲ್ಲ. ಅವರ ಬಾಯಿಂದ ಬರುವ ಅತ್ಯುನ್ನತ ಪ್ರಶಂಸೆ ‘ಪರವಾಗಿಲ್ಲ’ ಎನ್ನುವ ಒಂದೇ ಮಾತು. ಜೆಸಿಂತಾಳ ಮೀನಿನ ಸಾರಿಗೆ ಅದು ಸಿಕ್ಕಿದೆ, ನಮ್ಮ ಮಗಳು ರಿಯಾಳ ಪಿಯಾನೋಗೆ ಸಿಕ್ಕಿದೆ. ಒಮ್ಮೆ ಸಾಲ್ಮಿಯಾದ ಸಮುದ್ರದ ಗಾಳಿಗೂ ಸಿಕ್ಕಿತು. ನನಗೆ ಸಿಕ್ಕಿಲ್ಲ.

ನಾವು ಮಂಗಳೂರು ಕಡೆಯ ಕ್ಯಾಥೊಲಿಕರು. ಇಲ್ಲಿ ವಾರದ ರಜೆ ಶುಕ್ರವಾರವಾದ್ದರಿಂದ ಭಾನುವಾರದ ಪೂಜೆಯನ್ನು ಶುಕ್ರವಾರವೇ ಮುಗಿಸಿ ದೇವರಿಗೂ ಕುವೈತಿನ ಕ್ಯಾಲೆಂಡರ್ ಅಭ್ಯಾಸ ಮಾಡಿಸಿದ್ದೇವೆ. ಪೂಜೆ ಮುಗಿದ ಮೇಲೆ ಭಾವ ನನ್ನನ್ನು ಗಾಡಿಯಲ್ಲಿ ಕೂರಿಸಿಕೊಂಡು ಸಮುದ್ರದ ಬಂಡೆಗಳ ಹತ್ತಿರ ಗಾಳ ಹಾಕಲು ಹೋಗುತ್ತಿದ್ದರು. ಅವರಿಗೆ ಮೀನು ಸಿಗುತ್ತಿತ್ತು. ನನಗೆ ಬಂಡೆ ಸಿಗುತ್ತಿತ್ತು. ಬಂಡೆಗೆ ಸಿಕ್ಕಿಕೊಂಡ ದಾರ ಕಡಿದು ಹೋದಾಗ ಭಾವ ತುಟಿಪಿಟಕ್ಕೆನ್ನದೆ ತಮ್ಮ ಚೀಲದಿಂದ ಇನ್ನೊಂದು ಸೀಸದ ಗುಂಡನ್ನು ತೆಗೆದು ನನ್ನ ದಾರಕ್ಕೆ ಕಟ್ಟಿಕೊಡುತ್ತಿದ್ದರು. ಗಾಳವನ್ನು ನೀರಿನಡಿಗೆ ಇಳಿಸಲು ಭಾರ ಬೇಕಲ್ಲ, ಅದಕ್ಕೆ ಈ ಗುಂಡು. ಗುಂಡಿನ ಬಾಲಕ್ಕೆ ಹಿತ್ತಾಳೆಯ ಒಂದು ಪುಟ್ಟ ಬಳೆ, ಬಳೆಗೆ ಒಂದು ಕಿವಿ, ಕಿವಿಯಲ್ಲಿ ದಾರ. ನಾನು ಕೈಚಾಚುತ್ತಿದ್ದೆ, ಅವರು ಕೊಡುತ್ತಿದ್ದರು. ಆ ಬಳೆ ಗುಂಡಿನ ಮೇಲೆ ಹೇಗೆ ಕುಳಿತಿದೆ ಎಂದು ತಿರುಗಿಸಿ ನೋಡುವ ಕುತೂಹಲ ಇಷ್ಟು ವರ್ಷ ನನಗೆ ಬರಲಿಲ್ಲ. ಗುಣಮಟ್ಟ ವಿಭಾಗದವರಿಗೆ ಶುಕ್ರವಾರ ರಜೆ.

ಆ ಗುಂಡು ಹೆಸರಿಗಷ್ಟೇ ಗುಂಡಲ್ಲ, ನಿಜವಾದ ಬಂದೂಕಿನ ಗುಂಡಿನ ಆಕಾರದ್ದೇ. ಭಾವನ ಅಪ್ಪ, ಅಂದರೆ ನನ್ನ ತೀರಿಹೋದ ಮಾವ, ಒಂದಾನೊಂದು ಕಾಲದಲ್ಲಿ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ತೋಟದ ಕೋವಿಗೆ ಅವರೇ ಸೀಸ ಕರಗಿಸಿ ಗುಂಡು ಎರೆಯುತ್ತಿದ್ದರಂತೆ. ಆ ಅಚ್ಚು ನೋಡಲು ಥೇಟ್ ಅಡಕತ್ತರಿ. ಎರಡು ಹಿಡಿ, ಹಿಡಿಯ ತುದಿಯಲ್ಲಿ ಎರಡು ಕಬ್ಬಿಣದ ಹೋಳು. ಹೋಳುಗಳನ್ನು ಒತ್ತಿ ಹಿಡಿದು ಮೇಲಿನ ತೂತಿನಲ್ಲಿ ಕರಗಿದ ಸೀಸ ಹೊಯ್ದು, ಆರಿದ ಮೇಲೆ ಬಿಡಿಸಿದರೆ ಗುಂಡು ಬೀಳುತ್ತದೆ. ಮಾವ ತೀರಿಕೊಂಡಾಗ ಅಣ್ಣತಮ್ಮಂದಿರು ಬೇರೇನೇನೋ ಹಂಚಿಕೊಂಡರು. ಭಾವ ಇದೊಂದನ್ನು ಕೇಳಿ ತೆಗೆದುಕೊಂಡು ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ ಇಟ್ಟು ಕುವೈತಿಗೆ ತಂದರು. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಇದೇನೆಂದು ಕೇಳಿದಾಗ ಭಾವ ಬಾದಾಮಿ ಒಡೆದು ತಿನ್ನುವ ಹಾಗೆ ಕೈಸನ್ನೆ ಮಾಡಿದರಂತೆ. ಆತನೂ ಬಾದಾಮಿ ಪ್ರಿಯನಿರಬೇಕು, ನಕ್ಕು ಬಿಟ್ಟುಬಿಟ್ಟ. ಅಂದಿನಿಂದ ಕೋವಿಯ ಅಚ್ಚು ಮೀನಿನ ಸೇವೆಗೆ ಬಂತು.

ಕಳೆದ ವರ್ಷ ಭಾವನ ಕಂಪನಿ ‘ವಯಸ್ಸಾಯಿತು, ಇನ್ನು ಇಕಾಮಾ ಮಾಡಿಸುವುದಿಲ್ಲ’ ಎಂದಿತು. ಇಕಾಮಾ ಎಂದರೆ ವಾಸದ ಪರವಾನಗಿ, ಅದಿಲ್ಲದವನಿಗೆ ಇಲ್ಲಿ ಸಮುದ್ರದ ಗಾಳಿಯನ್ನು ಸೇವಿಸುವ ಹಕ್ಕೂ ಇಲ್ಲ. ಖಲಾಸ್. ಭಾವ ಗೊಣಗಲಿಲ್ಲ. ಕಾರ್ಗೋ ಡಬ್ಬಗಳನ್ನು ತಂದು ಒಂದೊಂದೇ ಸಾಮಾನು ತುಂಬತೊಡಗಿದರು. ಊರಿಗೆ ಹೋಗಿ ಏನು ಮಾಡುತ್ತೀರಿ ಎಂದು ಕೇಳಿದೆ. “ಎಂತ ಮಾಡುದು? ಬೆಳಿಗ್ಗೆ ಎದ್ದು ಗಾಳ ಹಾಕ್ಲಿಕ್ಕೆ ಹೋಗುದು. ಅಪ್ಪನ ಅಚ್ಚು ಉಂಟಲ್ಲ, ಸಾಕು” ಎಂದರು. ನಾನು ಅವರ ಬಾಯಿಂದ ಕೇಳಿದ ಅತಿ ಉದ್ದದ ಯೋಜನೆ ಇದು. ಆಮೇಲೆ ಅಚ್ಚನ್ನು ಒಂದು ಬನಿಯನ್ನಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. “ನಂಗೆ ಪ್ಯಾಕಿಂಗ್ ಉಂಟು. ನೀನು ಒಂದಷ್ಟು ಗುಂಡು ಎರೆದು ಇಡು. ಊರಲ್ಲಿ ಸೀಸ ಕರಗಿಸ್ಲಿಕ್ಕೆ ನನ್ನ ಹೆಂಡತಿ ಬಿಡುದಿಲ್ಲ. ಬಳೆ ನಾನು ಹಾಕ್ತೇನೆ. ಅಚ್ಚು ಮಾತ್ರ ಹಾಗೇ ವಾಪಸ್ ಕೊಡು.”

ಈ ‘ಹಾಗೇ’ ಎನ್ನುವ ಮಾತು ನನ್ನ ಕಿವಿಯ ಹೊರಗೇ ನಿಂತುಬಿಟ್ಟಿತು. ಒಳಗೆ ಹೋದದ್ದು ಬೇರೆ. ಭಾವ ಮೊದಲ ಸಲ ನನ್ನನ್ನು ನಂಬಿ ಒಂದು ಕೆಲಸ ಒಪ್ಪಿಸಿದ್ದಾರೆ. ಹೋಗುವ ಮೊದಲು ಒಂದು ‘ಪರವಾಗಿಲ್ಲ’ ಹೊರಡಿಸಲು ಇದೇ ಕೊನೆಯ ಅವಕಾಶ. ಬದುಕಿನಲ್ಲಿ ನಾನು ಬಡ್ತಿಗೂ ಇಷ್ಟು ಆಸೆಪಟ್ಟವನಲ್ಲ.

ಜೆಸಿಂತಾ ಆಸ್ಪತ್ರೆಯಲ್ಲಿ ನರ್ಸ್. ಸೀಸ ಎನ್ನುವ ಶಬ್ದ ಕೇಳಿದ್ದೇ ಅವಳು ರಕ್ತ ಪರೀಕ್ಷೆಯ ಮಾತು ತೆಗೆದಳು. “ಆ ಹೊಗೆ ಮನೆಯೊಳಗೆ ಬಂದ್ರೆ ನಾನು ರಿಯಾಳನ್ನು ಕರ್ಕೊಂಡು ಅಣ್ಣನ ಜೊತೆಗೇ ಊರಿಗೆ ಹೋಗ್ತೇನೆ. ಕಾರ್ಗೋದಲ್ಲಿ ಜಾಗ ಉಂಟು” ಎಂದಳು. ಹಾಗಾಗಿ ಪ್ರಯೋಗಶಾಲೆ ಕಟ್ಟಡದ ತಾರಸಿಗೆ ಹೋಯಿತು. ಗ್ಯಾಸಿನ ಪುಟ್ಟ ಒಲೆ, ಹಳೇ ಬಾಣಲೆ, ಕಾರಿನ ಚಕ್ರದ ತೂಕ ಸರಿದೂಗಿಸಲು ಹಾಕುವ, ಗ್ಯಾರೇಜಿನಿಂದ ತಂದ ಸೀಸದ ತುಂಡುಗಳು. ತಾರಸಿಯ ಬಿಸಿಲಲ್ಲಿ ಒಲೆಯ ಅಗತ್ಯ ಇತ್ತೇ ಎಂದು ಈಗಲೂ ಅನುಮಾನ. ಸೀಸ ಕರಗಿತು, ನಾನೂ ಅರ್ಧ ಕರಗಿದೆ. ಹೊಯ್ದು, ಆರಲು ಬಿಟ್ಟು, ಬಿಡಿಸಿದರೆ ಗುಂಡು ಬೀಳಲಿಲ್ಲ. ಅಚ್ಚನ್ನು ಅಲುಗಿಸಿದೆ, ಬೇಡಿಕೊಂಡೆ, ಕೊನೆಗೆ ಲಟ್ಟಣಿಗೆಯಿಂದ ಕುಟ್ಟಿದೆ. ಬಿತ್ತು, ಆದರೆ ತಳದಲ್ಲಿ ಮುಕ್ಕಾಗಿ. ಮುಂದಿನದೂ ಹಾಗೇ. ನೋಡಿದರೆ ಗುಂಡಿನ ತಳದ ಹತ್ತಿರ ಒಂದು ಸಣ್ಣ ಮೆಟ್ಟಿಲು. ಇಡೀ ಗುಂಡು ಒಂದು ದಪ್ಪ, ತಳದಲ್ಲಿ ಮಾತ್ರ ಸ್ವಲ್ಪ ಸಪೂರ. ಆ ಸಪೂರದ ಜಾಗವೇ ಅಚ್ಚಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ನನ್ನೊಳಗಿನ ಗುಣಮಟ್ಟ ವಿಭಾಗ ರಜೆ ರದ್ದುಮಾಡಿ ಎದ್ದು ಕುಳಿತಿತು. ತಪ್ಪು ಸಿಕ್ಕಿತ್ತು!

ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಅಲ್ಲಿ ಅಮೆರಿಕದ ಅಜ್ಜಂದಿರ ಒಂದು ಕೂಟವಿದೆ. ನಮ್ಮ ಅಜ್ಜಂದಿರು ಕುಚ್ಚಲಕ್ಕಿಯ ಬಗ್ಗೆ ವಾದಿಸುವಷ್ಟೇ ಆಸಕ್ತಿಯಿಂದ ಇವರು ಗುಂಡಿನ ತಳದ ಬಗ್ಗೆ ವಾದಿಸುತ್ತಾರೆ. ಅವರಿಂದ ತಿಳಿದದ್ದೇನೆಂದರೆ, ಆ ಮೆಟ್ಟಿಲು ತಾಮ್ರದ ಒಂದು ಟೋಪಿ ತೊಡಿಸಲು ಮಾಡಿದ್ದು. ಕೋವಿಯ ಬೆಂಕಿ ಗುಂಡಿನ ತಳವನ್ನು ಕರಗಿಸದಿರಲೆಂದು ಆ ಟೋಪಿ. ಟೋಪಿ ಬೇಡವೆನ್ನುವವರು ಅಚ್ಚಿನ ಮೆಟ್ಟಿಲನ್ನು ಕೊರೆದು ತೆಗೆದು ತಳವನ್ನು ಸಪಾಟು ಮಾಡಿಕೊಳ್ಳುತ್ತಾರೆ. ಆಗ ಗುಂಡು ಸಿಕ್ಕಿಕೊಳ್ಳದೆ ಸಲೀಸಾಗಿ ಬೀಳುತ್ತದೆ. ನಾನು ವಿಚಾರ ಮಾಡಿದೆ. ನಮ್ಮ ಮೀನುಗಳ ಮೇಲೆ ನಾವು ಗುಂಡು ಹಾರಿಸುವುದಿಲ್ಲ. ಬೆಂಕಿ ಇಲ್ಲ, ಆದ್ದರಿಂದ ಟೋಪಿ ಇಲ್ಲ. ಟೋಪಿ ಇಲ್ಲದ ಮೇಲೆ ಮೆಟ್ಟಿಲು ಯಾತಕ್ಕೆ? ಪಾಪ, ಭಾವ ಇಷ್ಟು ವರ್ಷ ಈ ಕಷ್ಟವನ್ನು ಸುಮ್ಮನೆ ಅನುಭವಿಸಿದ್ದಾರೆ! ಊರಿಗೆ ಹೋಗುವ ಹೊತ್ತಿಗಾದರೂ ಅವರಿಗೆ ಒಂದು ಸುಖದ ಅಚ್ಚು ಕೊಡೋಣ ಎಂದು ನನ್ನ ಕಣ್ಣು ತೇವವಾಯಿತು. ಜೆಸಿಂತಾ ಅದನ್ನು ಸೀಸದ ಹೊಗೆ ಎಂದಳು.

ನಮ್ಮ ಸೈಟಿನ ವರ್ಕ್‌ಶಾಪಿನಲ್ಲಿ ಊಟದ ಬಿಡುವಿಗೆ ಯಾರೂ ಇರುವುದಿಲ್ಲ. ಅಚ್ಚನ್ನು ಟಿಫಿನ್ ಚೀಲದಲ್ಲಿ ಒಯ್ದು, ವೈಸಿನಲ್ಲಿ ಬಿಗಿದು, ಸರಿಯಾದ ಅಳತೆಯ ಡ್ರಿಲ್ಲಿನಿಂದ ತಳವನ್ನು ಕೊರೆದೆ. ಒಂದು ಗೀರೂ ಬೀಳಲಿಲ್ಲ. ನನ್ನ ಜನ್ಮದಲ್ಲಿ ನಾನು ಮಾಡಿದ ಕೈಕೆಲಸಗಳಲ್ಲಿ ಪೂರ್ತಿ ಸರಿಯಾಗಿ ಬಂದದ್ದು ಇದೊಂದೇ. ದುರಂತವೂ ಅದೇ. ಸ್ವಲ್ಪ ಡೊಂಕಾಗಿದ್ದರೆ ಹೆದರಿ ಅರ್ಧಕ್ಕೆ ನಿಲ್ಲಿಸುತ್ತಿದ್ದೆನೇನೋ.

ಆ ಸಂಜೆ ತಾರಸಿಯಲ್ಲಿ ಗುಂಡುಗಳು ಮಾವಿನ ಹಣ್ಣು ಉದುರಿದ ಹಾಗೆ ಉದುರಿದವು. ಬಿಡಿಸಿದರೆ ಸಾಕು, ಟಪ್ ಎಂದು ಬೀಳುತ್ತಿದ್ದವು. ತಳ ಸಪಾಟಾಗಿದ್ದರಿಂದ ಎಲ್ಲವನ್ನೂ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದೆ. ಒಂದೂ ಓಲಾಡಲಿಲ್ಲ. ಕರೆಯಲು ಬಂದ ರಿಯಾ ನೋಡಿ, “ಡ್ಯಾಡ್, ದೀಸ್ ಆರ್ ಲಿಟರಲಿ ಬುಲೆಟ್ಸ್” ಎಂದಳು. ಅವಳ ಹಿಂದೆಯೇ ನಮ್ಮ ಕಟ್ಟಡದ ಹಾರಿಸ್, ಅಂದರೆ ಕಟ್ಟಡ ನೋಡಿಕೊಳ್ಳುವ ಈಜಿಪ್ಟಿನ ಮುದುಕ, ನೀರಿನ ಟ್ಯಾಂಕ್ ನೋಡಲು ಬಂದ. ಸಂಜೆಯ ಬಿಸಿಲಲ್ಲಿ ಫಳಫಳ ಹೊಳೆಯುವ ಗುಂಡಿನ ಸಾಲನ್ನು ಕಂಡು ಅಲ್ಲೇ ಕಂಬವಾದ. “ಯೇ ಕ್ಯಾ ಹೈ, ರಫೀಕ್?” ಎಂದ. ರಫೀಕ್ ಎಂದರೆ ಗೆಳೆಯ, ಇಲ್ಲಿ ನಮ್ಮಂಥವರೆಲ್ಲರ ಹೆಸರೂ ಅದೇ. ನನಗೆ ಗೊತ್ತಿರುವ ಅರಬ್ಬಿಯಲ್ಲಿ ಆ ಹೊತ್ತಿಗೆ ಉಪಯೋಗಕ್ಕೆ ಬರುವ ಒಂದೇ ಪದವಿತ್ತು. ಗುಂಡುಗಳನ್ನು ತೋರಿಸಿ, “ಸಮಕ್! ಸಮಕ್!” ಎಂದೆ. ಸಮಕ್ ಎಂದರೆ ಮೀನು. ಆತ ಗುಂಡುಗಳನ್ನು ನೋಡಿದ, ನನ್ನನ್ನು ನೋಡಿದ, ಮೀನಿಗೆ ಗುಂಡಿಕ್ಕುವ ಜನರೂ ಹಿಂದೂಸ್ತಾನದಲ್ಲಿದ್ದಾರೆಂದು ತೀರ್ಮಾನಿಸಿ ದೇವರ ಹೆಸರು ಹೇಳುತ್ತಾ ಮೆಟ್ಟಿಲಿಳಿದ. ರಿಯಾ ಅವನ ಹಿಂದೆ ಓಡಿ ಗಾಳದ ಕತೆಯನ್ನೆಲ್ಲ ಬಿಡಿಸಿ ಹೇಳದಿದ್ದರೆ ಈ ಪ್ರಬಂಧವನ್ನು ನಾನು ಬೇರೆ ಯಾವುದೋ ವಿಳಾಸದಿಂದ ಬರೆಯಬೇಕಾಗುತ್ತಿತ್ತು.

ಭಾವನ ಕೊನೆಯ ಶುಕ್ರವಾರ ಬಂತು. ಮರುದಿನ ಅವರ ವಿಮಾನ. ಪೂಜೆ ಮುಗಿಸಿ ಮಾಮೂಲು ಬಂಡೆಗಳ ಹತ್ತಿರ ಹೋದೆವು. ಜೆಸಿಂತಾಳೂ ಮಸಾಲೆ ಅರೆದಿಟ್ಟು ರಿಯಾಳೊಂದಿಗೆ ಬಂದಿದ್ದಳು. ಅಣ್ಣ ಹಿಡಿದ ಮೀನಿನ ಸಾರು ಇದೇ ಕೊನೆಯದು ಎಂದು ಅವಳ ಕಣ್ಣು ಬೆಳಿಗ್ಗೆಯಿಂದ ಕೆಂಪಾಗಿತ್ತು. ನಾನು ಗುಂಡುಗಳ ಚೀಲವನ್ನು ಮದುವಣಗಿತ್ತಿಯನ್ನು ಒಪ್ಪಿಸುವ ಗತ್ತಿನಲ್ಲಿ ಭಾವನ ಮುಂದಿಟ್ಟೆ. ಅವರು ಬಿಸ್ಕತ್ತಿನ ಹಳೇ ಡಬ್ಬ ತೆರೆದರು. ಅದರ ತುಂಬ ಹಿತ್ತಾಳೆಯ ಬಳೆಗಳು. ವರ್ಕ್‌ಶಾಪಿನಲ್ಲಿ ಫೋರ್‌ಮನ್ ಆಗಿದ್ದಾಗ ಬಿಡುವಿನಲ್ಲಿ ಕೂತು ತಿರುವಿ ಇಟ್ಟುಕೊಂಡದ್ದು, ಬದುಕಿನುದ್ದಕ್ಕೂ ಸಾಕಾಗುವಷ್ಟು. ಒಂದು ಬಳೆ ತೆಗೆದು ಗುಂಡಿನ ಬಾಲಕ್ಕೆ ಒತ್ತಿದರು. ಹೋಗಲಿಲ್ಲ. ಇನ್ನೊಂದು ಬಳೆ ತೆಗೆದರು. ಅದೂ ಹೋಗಲಿಲ್ಲ. ಬಳೆಯಲ್ಲಿ ತಪ್ಪಿರಬೇಕೆಂದು ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಬೇರೆ ಗುಂಡು ತೆಗೆದರು. ಆಗ ನನಗೆ ಹೊಳೆಯಿತು. ಬಳೆ ಕೂರುತ್ತಿದ್ದದ್ದು ಆ ಮೆಟ್ಟಿಲ ಮೇಲೆ. ತೋಟದ ಕೋವಿಯ ತಾಮ್ರದ ಟೋಪಿಯ ಜಾಗದಲ್ಲಿ ಭಾವ ಹಿತ್ತಾಳೆಯ ಬಳೆ ತೊಡಿಸುತ್ತಿದ್ದರು. ಇಡೀ ಅಚ್ಚಿನಲ್ಲಿ ಅವರಿಗೆ ಬೇಕಾಗಿದ್ದ ಜಾಗ ಅದೊಂದೇ. ನಾನು ಅದೊಂದನ್ನೇ ಹುಡುಕಿ ತೆಗೆದಿದ್ದೆ.

“ಅಚ್ಚು ಕೊಡು” ಎಂದರು. ಬನಿಯನ್ ಬಿಚ್ಚಿ ಕೊಟ್ಟೆ. ಅವರು ಕನ್ನಡಕ ಹಾಕಿಕೊಳ್ಳಲಿಲ್ಲ. ಹೆಬ್ಬೆರಳನ್ನು ತೂತಿನ ಅಂಚಿನಲ್ಲಿ ಒಂದು ಸುತ್ತು ಆಡಿಸಿದರು. ಬೆರಳು ಎಲ್ಲೂ ತಡೆಯಲಿಲ್ಲ.

“ಎಂತ ಮಾಡಿದ್ದು ಇದಕ್ಕೆ?”

“ಅದು… ಗುಂಡು ಸಿಕ್ಕಿಕೊಳ್ತಿತ್ತು ಭಾವ. ಸ್ವಲ್ಪ ಸರಿ ಮಾಡಿದೆ.”

ಜೆಸಿಂತಾ ಅಣ್ಣನ ಮುಖ ನೋಡಿ, ಆಮೇಲೆ ನನ್ನ ಮುಖ ನೋಡಿದಳು. ಹದಿನೈದು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ನಾನಾ ರೀತಿ ನೋಡಿದ್ದಾಳೆ. ಇದು ಹೊಸದು. ಅದನ್ನು ತಪ್ಪಿಸಿಕೊಳ್ಳಲು ನಾನು ಒಂದು ಗುಂಡನ್ನು ಎತ್ತಿಕೊಂಡು ಅದರ ಸೊಂಟಕ್ಕೆ ದಾರವನ್ನು ಸುತ್ತಿ ಸುತ್ತಿ ಗಂಟಿನ ಮೇಲೆ ಗಂಟು ಹಾಕಿದೆ. “ನೋಡಿ ಭಾವ, ಹೀಗೂ ಆಗ್ತದೆ” ಎಂದು ಜೋರಾಗಿ ಗಾಳ ಬೀಸಿದೆ. ನುಣುಪಾದ ಗುಂಡು ಗಂಟಿನಿಂದ ನುಸುಳಿ ಇರಾನ್ ದಿಕ್ಕಿಗೆ ಹೋಯಿತು. ಅಷ್ಟು ದೂರ ನಾನು ಎಂದೂ ಎಸೆದಿರಲಿಲ್ಲ. ಗಾಳ, ಸಿಗಡಿ ಸಮೇತ, ನನ್ನ ಚಪ್ಪಲಿಯ ಮೇಲೆ ಬಿತ್ತು. ರಿಯಾ ನಗಲು ಬಾಯಿ ತೆರೆದವಳು ಮಾಮನನ್ನು ನೋಡಿ ಮುಚ್ಚಿಕೊಂಡಳು.

“ಒಂದೊಂದಕ್ಕೂ ಅಡ್ಡ ತೂತು ಕೊರೆದು ಕೊಡ್ತೇನೆ ಭಾವ. ಇವತ್ತೇ ಕೊರೀತೇನೆ” ಎಂದೆ. ನನ್ನ ಸ್ವರ ನನಗೇ ಬೇಸರ ಬರಿಸುವಷ್ಟು ಸಣ್ಣದಾಗಿತ್ತು.

“ಇನ್ನೂ ಕೊರೀಲಿಕ್ಕೆ ಉಂಟಾ ನಿಂಗೆ?” ಎಂದರು ಭಾವ.

ಹಳೇ ಗುಂಡುಗಳೆಲ್ಲ ನನ್ನ ಬಂಡೆಗಳ ಪಾಲಾಗಿ ಮುಗಿದಿದ್ದವು, ಅವತ್ತು ಮೀನು ಹಿಡಿಯಲಿಲ್ಲ. ಜೆಸಿಂತಾ ಅರೆದಿಟ್ಟ ಮಸಾಲೆಗೆ ಮಾರ್ಕೆಟ್ಟಿನ ಮೀನು ತಂದು ಹಾಕಿದೆವು. ಭಾವ ಉಂಡರು. ಹೇಗಿದೆ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೊರಡುವಾಗ ನಾನು ಅಚ್ಚನ್ನು ಮತ್ತೆ ಬನಿಯನ್ನಿನಲ್ಲಿ ಸುತ್ತಿ ಅವರ ಕಾರ್ಗೋ ಡಬ್ಬದ ಬಾಯಿಗೆ ಇಟ್ಟೆ. ಅವರು ಅದನ್ನು ತೆಗೆದು ನನ್ನ ಕೈಯಲ್ಲೇ ಇಟ್ಟರು. ಕೋಪ ಇರಲಿಲ್ಲ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಅಪ್ಪನ ಅಚ್ಚಿನಲ್ಲಿ ಇಂಥ ಗುಂಡು ಬರ್ತಿರ್ಲಿಲ್ಲ. ಇದು ನಿಂದು ಮಾರಾಯ. ನೀನೇ ಇಟ್ಕೋ.”

ಅಮೆರಿಕದ ಅಜ್ಜಂದಿರಿಗೆ ಕೊನೆಯದಾಗಿ ಒಂದು ಪತ್ರ ಹಾಕಿದೆ, ಕೊರೆದ ಮೆಟ್ಟಿಲನ್ನು ಮತ್ತೆ ಕೂರಿಸುವುದು ಹೇಗೆ ಎಂದು. ಅವರು ಬಹಳ ಸೌಜನ್ಯದ ಜನ. ಹೊಸ ಅಚ್ಚು ಕೊಂಡುಕೊಳ್ಳಿ ಎಂದು ಬರೆದರು. ಹೊಸ ಅಚ್ಚಿನಲ್ಲಿ ಮೆಟ್ಟಿಲು ಸಿಗುತ್ತದೆ, ಮಾವ ಸಿಗುವುದಿಲ್ಲ ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕೆಂದು ತಿಳಿಯದೆ ಸುಮ್ಮನಾದೆ.

ಈಗ ಬಳೆಗಳ ಡಬ್ಬ ಊರಿನಲ್ಲಿ ಭಾವನ ಹತ್ತಿರ ಇದೆ, ಅದಕ್ಕೆ ಗುಂಡಿಲ್ಲ. ಗುಂಡುಗಳು ಕುವೈತಿನಲ್ಲಿ ನನ್ನ ಹತ್ತಿರ ಇವೆ, ಅವಕ್ಕೆ ಬಳೆಯಿಲ್ಲ. ಶುಕ್ರವಾರ ಪೂಜೆ ಮುಗಿದ ಮೇಲೆ ಜೆಸಿಂತಾ ಅಣ್ಣನಿಗೆ ವಿಡಿಯೋ ಕಾಲ್ ಮಾಡುತ್ತಾಳೆ. ಗಾಳ ಹಾಕಲು ಹೋಗಿದ್ದಿರಾ ಎಂದು ಕೇಳುತ್ತಾಳೆ. ಬಿಸಿಲು ಮಾರಾಯ್ತಿ, ಮುಂದಿನ ವಾರ ನೋಡುವ ಎನ್ನುತ್ತಾರೆ. ಕುವೈತಿನ ಬಿಸಿಲಲ್ಲಿ ಗಾಳ ಹಾಕಿದ ಮನುಷ್ಯನಿಗೆ ಮಂಗಳೂರಿನ ಬಿಸಿಲು ಹೆಚ್ಚಾಗಿದೆ. ಆಗ ನಾನು ಫೋನಿನ ಕಣ್ಣಿಗೆ ಬೀಳದ ಹಾಗೆ ಅಡಿಗೆಮನೆಗೆ ಸರಿಯುತ್ತೇನೆ. ಕುಕ್ಕರಿನ ಹತ್ತಿರ ನಿಲ್ಲುತ್ತೇನೆ, ಮುಟ್ಟುವುದಿಲ್ಲ.

ಗುಂಡುಗಳನ್ನು ಆಫೀಸಿಗೆ ಒಯ್ದು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿಕೊಂಡಿದ್ದೇನೆ, ಕಾಗದ ಹಾರದಂತೆ ಇಡಲು. ನೋಡಿದವರೆಲ್ಲ ಮೆಚ್ಚುತ್ತಾರೆ. ತಳ ಎಷ್ಟು ಸಪಾಟಾಗಿದೆ, ಒಂದೂ ಓಲಾಡುವುದಿಲ್ಲವಲ್ಲ ಎನ್ನುತ್ತಾರೆ. ಮೊನ್ನೆ ಒಂದು ಪೈಪಿನ ವರದಿ ಬಂತು. ತುದಿಯಲ್ಲಿ ಒಂದು ಸಣ್ಣ ಮೆಟ್ಟಿಲಿದೆ, ಏಕೆಂದು ಗೊತ್ತಿಲ್ಲ, ಕೊರೆದು ತೆಗೆಯಬಹುದೇ ಎಂದು ಕೇಳಿದ್ದರು. ನಾನು ಬಹಳ ಹೊತ್ತು ಯೋಚಿಸಿ ಮೂರನೆಯ ಮುದ್ರೆಯನ್ನು ಕೈಗೆತ್ತಿಕೊಂಡು ಮಸಿಗೆ ಅದ್ದಿ ಒತ್ತಿದೆ. ಏನೂ ಮೂಡಲಿಲ್ಲ. ಇಷ್ಟು ವರ್ಷ ಮುಟ್ಟದೆ ಇಟ್ಟದ್ದಕ್ಕೆ ರಬ್ಬರ್ ಒಣಗಿ ಕಲ್ಲಾಗಿತ್ತು. ಬ್ಲೇಡಿನಿಂದ ಸ್ವಲ್ಪ ಕೆರೆದರೆ ಸರಿಹೋಗಬಹುದೆಂದು ಡ್ರಾಯರ್ ತೆರೆದೆ. ಬ್ಲೇಡ್ ಸಿಕ್ಕಿತು. ಅದನ್ನು ಅಲ್ಲೇ ಬಿಟ್ಟು, ಡ್ರಾಯರ್ ಮುಚ್ಚಿ, ಪೆನ್ನಿನಿಂದ ಬರೆದೆ, ಇದ್ದ ಹಾಗೇ ಬಳಸಿ ಎಂದು.